ಫೋಟೋದ ಹಿಂದಿನ ಹಲ್ಲಿ

ಆದಿನಾಥನ ಮನೆಯಲ್ಲಿ ಜಗಳ ನಿಂತುಹೋಗಿತ್ತು. ಮೂಡಲಗಿಯ ಪೇಟೆಯಲ್ಲಿ ಯಾರಿಗಾದರೂ ಇದನ್ನು ಹೇಳಿಕೊಂಡಿದ್ದರೆ ಪೇಢೆ ಹಂಚು ಎನ್ನುತ್ತಿದ್ದರು. ಅವನಿಗೆ ಮಾತ್ರ ಊಟವೇ ಸೇರುತ್ತಿರಲಿಲ್ಲ. ತಾಯಿ ಸೀತಾಬಾಯಿ ತೀರಿಕೊಂಡಂದಿನಿಂದ ಹೆಂಡತಿ ತ್ರಿಶಲಾ ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಅತ್ತೆ ಸೊಸೆ ಇಬ್ಬರೂ ಹಾಲಿನ ಕೆನೆಯಿಂದ ಹಿಡಿದು ಕಸಬರಿಗೆ ಇಡುವ ಮೂಲೆಯವರೆಗೆ ಸಕಲ ವಿಷಯಗಳ ಮೇಲೂ ಮಹಾಯುದ್ಧ ನಡೆಸಿದವರು. (ಆದಿನಾಥ ಆ ಯುದ್ಧದಲ್ಲಿ ತಟಸ್ಥ ರಾಷ್ಟ್ರ, ಅರಿವೆ ಅಂಗಡಿಯೇ ಅವನ ರಾಜಧಾನಿ.) ಅತ್ತೆ ಹೋದ ಮೇಲೆ ಸೊಸೆ ಹಗುರಾಗುತ್ತಾಳೆಂದು ಓಣಿಯವರು ಅಂದುಕೊಂಡಿದ್ದರು. ಅವಳೋ ಗೋಡೆಗೊರಗಿ ಸುಮ್ಮನೆ ಕೂತುಬಿಡುತ್ತಿದ್ದಳು.

ಹೀಗಿರುವಾಗ ಒಂದು ಮಧ್ಯಾಹ್ನ ಆದಿನಾಥ ಊಟಕ್ಕೆ ಬಂದರೆ ಪಡಸಾಲೆಯಲ್ಲಿ ಹೆಂಡತಿಯ ದನಿ ಕೇಳಿಸಿತು.

"ನನ್ನ ಕೈಯಾನ ಭಕ್ಕರಿ ದಪ್ಪ ಅಂತೀರಲ್ಲ ಅತ್ತಿ, ನಿಮ್ಮ ತಂಗಿ ಮನ್ಯಾಗ ಏನ್ ಹಪ್ಪಳದಂಥಾ ಭಕ್ಕರಿ ಮಾಡ್ತಿದ್ರೇನು?"

ಎದುರಿಗೆ ಯಾರೂ ಇರಲಿಲ್ಲ. ಗೋಡೆಯ ಮೇಲೆ ಗಂಧದ ಹಾರ ಹಾಕಿದ ಸೀತಾಬಾಯಿಯ ಫೋಟೋ. ಅದರ ಹಿಂದಿನಿಂದ ಒಂದು ಹಲ್ಲಿ ಲೊಚಗುಟ್ಟಿತು.

"ನೋಡ್ರಿ, ಮತ್ತ ಎದರ ಮಾತಾಡ್ತಾರ," ಎಂದು ತ್ರಿಶಲಾ ಗಂಡನತ್ತ ತಿರುಗಿದಳು. ಮುಖದಲ್ಲಿ ಎಷ್ಟೋ ದಿನಗಳ ನಂತರ ಜೀವ ಬಂದಿತ್ತು.

ಆದಿನಾಥನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹಲ್ಲಿ ಇರುವಷ್ಟು ದಿನ ಹೆಂಡತಿ ಮಾತಾಡುತ್ತಾಳೆ, ಆದ್ದರಿಂದ ಹಲ್ಲಿಯನ್ನು ಸಾಕಿಯೇ ತೀರಬೇಕು ಎಂದು ಅವನು ಅಂದೇ ತೀರ್ಮಾನಿಸಿದ.

ಸಾಕುವುದೇನೋ ಸರಿ, ಉಣ್ಣಿಸುವುದು ಹೇಗೆ? ಅಪ್ಪಿತಪ್ಪಿ ಇರುವೆ ತುಳಿದರೂ ಅಂದು ಉಪವಾಸ ಮಾಡುವ ಜೈನ ಮನೆತನ ಅವನದು. ಫೋಟೋದ ಕಟ್ಟಿನ ಮೇಲೆ ತುಪ್ಪದನ್ನ ಇಟ್ಟ. ಹಲ್ಲಿ ಮೂಸಿಯೂ ನೋಡಲಿಲ್ಲ. ಶಿರಾ ಇಟ್ಟ, ಇರುವೆಗಳು ಬಂದು ಸೀತಾಬಾಯಿಯ ಮೂಗಿನ ಮೇಲೆ ಮೆರವಣಿಗೆ ಹೊರಟವು. ಹಲ್ಲಿ ಮಾತ್ರ ದಿನದಿನಕ್ಕೆ ಬಡಕಲಾಯಿತು. ಕಡೆಗೆ ಎದುರುಮನೆಯಲ್ಲಿ ಎಸ್‌ಟಿಡಿ ಬೂತು ಇಟ್ಟಿದ್ದ ಶಿದ್ಲಿಂಗಪ್ಪನ ಸಲಹೆ ಕೇಳಿದ.

"ಹಲ್ಲಿ ಹುಳಾ ತಿನ್ನದ ಹೋಳಿಗಿ ತಿಂತೈತೇನ್ರಿ ಸಾವಕಾರ್ರ?" ಎಂದ ಶಿದ್ಲಿಂಗಪ್ಪ. "ನಮ್ಮ ಬೂತಿನ್ಯಾಗ ಟ್ಯೂಬ್‌ಲೈಟ್ ಉರೀತಿರತೈತಿ. ಹುಳಾ ತಾವ ಬರ್ತಾವು. ನಮ್ಮ ಹಲ್ಲಿಗೋಳು ಬೆಕ್ಕಿನಂಗ ಬೆಳದಾವ ನೋಡ್ರಿ."

ಆದಿನಾಥನ ಮನೆಯಲ್ಲಿ ಅದೇ ಇರಲಿಲ್ಲ. ಹೊತ್ತು ಮುಳುಗುವುದರೊಳಗೆ ಊಟ, ಮುಳುಗಿದ ಮೇಲೆ ಪಡಸಾಲೆಯಲ್ಲಿ ದೀಪ ಹಚ್ಚಬಾರದು, ಬೆಳಕಿಗೆ ಬಂದು ಹುಳಗಳು ಸಾಯಬಾರದು: ಇದು ಸೀತಾಬಾಯಿ ಹಾಕಿಕೊಟ್ಟ ಕಟ್ಟಳೆ. ಆದಿನಾಥ ಗಾಢವಾಗಿ ಧರ್ಮಜಿಜ್ಞಾಸೆ ಮಾಡಿದ. ತಾನು ಯಾರನ್ನೂ ಕೊಲ್ಲುವುದಿಲ್ಲ, ಬರೀ ಸ್ವಿಚ್ ಒತ್ತುತ್ತೇನೆ. ಮುಂದಿನದು ಹಲ್ಲಿ ಮತ್ತು ಹುಳದ ಖಾಸಗಿ ವ್ಯವಹಾರ. (ವ್ಯಾಪಾರಸ್ಥನಿಗೆ ಇಂಥ ದಾರಿಗಳು ಬೇಗ ಹೊಳೆಯುತ್ತವೆ.)

ಸಂಜೆ ದೀಪ ಹಚ್ಚಿದ. ಹುಳಗಳು ಬಂದವು. ಹಲ್ಲಿ ಹೊರಬಂದು ಒಂದನ್ನು ಗಬಕ್ಕನೆ ಹಿಡಿಯಿತು. ಆದಿನಾಥ ಕಣ್ಣು ಮುಚ್ಚಿ ಣಮೋಕಾರ ಮಂತ್ರ ಹೇಳಿಕೊಂಡ. ಕಣ್ಣು ತೆರೆದರೆ ತ್ರಿಶಲಾ ನಿಂತಿದ್ದಳು.

"ಆರಸ್ರಿ ಅದನ್ನ."

"ಹಲ್ಲಿ ಹಸದೈತಿ ತ್ರಿಶಲಾ."

"ಅತ್ತಿ ಇದ್ದಾಗ ಒಂದ ದಿನರೆ ಈ ದೀಪಾ ಉರದಿತ್ತೇನ್ರಿ? ಅವರ ಫೋಟೋದ ಮುಂದನ ಜೀವಾ ತಗಸಾಕತ್ತೀರಿ. ಎಲ್ಲಾದಕ್ಕೂ ಅವರ ಸಂಗಾಟ ಜಗಳಾಡಿದಾಕಿ ನಾ. ಇದೊಂದಕ್ಕ ಆಡಿದ್ದಿಲ್ಲ."

"ಅದು ಹೋತಂದ್ರ ನೀ ಮತ್ತ ಮಾತ ಬಿಡ್ತೀ."

"ಅದು ಹಲ್ಲಿ ಅಂತ ನನಗ ಗೊತ್ತಿಲ್ಲೇನ್ರಿ?" ಎನ್ನುತ್ತ ತಾನೇ ಹೋಗಿ ದೀಪ ಆರಿಸಿದಳು.

ಆದರೆ ಬೆಳಕಿನ ರುಚಿ ಹತ್ತಿದ ಹಲ್ಲಿ ಕತ್ತಲೆಯಲ್ಲಿ ಏಕೆ ಕೂರುತ್ತದೆ? ಮರುದಿನ ಫೋಟೋದ ಹಿಂದೆ ಬರೀ ಗೋಡೆಯಿತ್ತು. ಶಿದ್ಲಿಂಗಪ್ಪನ ಟ್ಯೂಬ್‌ಲೈಟಿನ ಪಕ್ಕದಲ್ಲಿ ಆ ದಪ್ಪ ಹಲ್ಲಿಗಳ ನಡುವೆ ಒಂದು ಬಡಕಲು ಹಲ್ಲಿ ಹೊಸದಾಗಿ ಸೇರಿಕೊಂಡಿತ್ತು. ಇತ್ತ ತ್ರಿಶಲಾ ಮತ್ತೆ ಗೋಡೆಗೊರಗಿದಳು. ಅವ್ವ ಮನೆಯಿಂದ ಎರಡನೇ ಸಲ ಹೋದಂತಾಯಿತು ಆದಿನಾಥನಿಗೆ. ಮೊದಲನೇ ಸಲ ಸಾವಿನ ಮನೆಗೆ ಬಂದವರನ್ನು ವಿಚಾರಿಸುವುದರಲ್ಲಿ ಅವನಿಗೆ ಅಳಲು ಪುರಸೊತ್ತು ಸಿಕ್ಕಿರಲಿಲ್ಲ. ಈ ಸಲ ಅಂಗಡಿಯ ಹಿಂದಿನ ಕೋಣೆಯಲ್ಲಿ ಅರಿವೆ ಗಂಟುಗಳ ನಡುವೆ ಕೂತು ಚೆನ್ನಾಗಿ ಅತ್ತ.

ಅಂದು ಹೊತ್ತು ಮುಳುಗುವ ಮೊದಲು ಊಟಕ್ಕೆ ಕೂತಾಗ ತ್ರಿಶಲಾ ಹೆಸರುಕಾಳಿನ ಪಲ್ಯ ಬಡಿಸಿದಳು. ಪಲ್ಯ ಬಹಳ ಚೆನ್ನಾಗಿತ್ತು. ಆದಿನಾಥ ಒಂದು ತುತ್ತು ತಿಂದು, ಎದೆ ಗಟ್ಟಿಮಾಡಿಕೊಂಡು, ಜನ್ಮದಲ್ಲಿ ಮೊದಲ ಸಲ ತಾಟು ದೂಡಿದ.

"ಉಪ್ಪ ಕಡಿಮಿ ಆಗೈತಿ."

ತ್ರಿಶಲಾ ತಲೆಯೆತ್ತಿದಳು. "ಏನಂದ್ರಿ?"

"ಉಪ್ಪ ಕಡಿಮಿ. ಕಾಳೂ ಕುದ್ದಿಲ್ಲ. ನಮ್ಮ ಅವ್ವ ಹೇಳ್ತಿದ್ದದ್ದು ಖರೆನ ಐತಿ."

ಆಮೇಲೆ ನಡೆದದ್ದನ್ನು ಓಣಿಯವರೆಲ್ಲ ಕೇಳಿಸಿಕೊಂಡರು. ಆದಿನಾಥನ ನಾಲಗೆ, ಅವನ ಅಂಗಡಿ, ಹುಕ್ಕೇರಿಯ ಅವನ ಸೋದರತ್ತೆ, ಅವನ ಇಡೀ ಮನೆತನ, ಒಂದನ್ನೂ ತ್ರಿಶಲಾ ಬಿಡಲಿಲ್ಲ. ಬೈಯುತ್ತಲೇ ಬಿಕ್ಕಿದಳು, ಬಿಕ್ಕುತ್ತಲೇ ಬೈದಳು. ತಟಸ್ಥ ರಾಷ್ಟ್ರ ತಲೆ ತಗ್ಗಿಸಿ ತಾಟು ಹತ್ತಿರ ಎಳೆದುಕೊಂಡು ಉಂಡಿತು.

ಮರುದಿನದ ಪಲ್ಯದಲ್ಲಿ ನಿಜವಾಗಿಯೂ ಒಂದು ಹರಳೂ ಉಪ್ಪಿರಲಿಲ್ಲ. ತ್ರಿಶಲಾ ಎದುರಿಗೇ ಕೂತು, ಅವನು ಏನನ್ನುತ್ತಾನೋ ಎಂದು ಕಾಯುತ್ತಿದ್ದಳು.