ಎಲ್ಲ ಮೊಬೈಲಿಗೂ ಆಗುವ ಚಾರ್ಜರ್

ಕೇಳದವರಿಗೂ ಸಲಹೆ ಕೊಡುವುದು ನನ್ನ ಜಾಯಮಾನ. ಯಾತ್ರಿಕರ ಅಡುಗೆಯವನಾಗಿ ಕಾಶಿಗೆ ಬಂದು, ಹನುಮಾನ್ ಘಾಟಿನ ಗಲ್ಲಿಯಲ್ಲಿ ಸ್ವಂತ ವಸತಿಗೃಹ ನಡೆಸುವ ಮಟ್ಟಕ್ಕೆ ಏರಿದವನು ನಾನು. ಚೌಕಾಸಿಯ ಬಲದಿಂದಲೇ ಏರಿದೆ ಎಂದರೂ ತಪ್ಪಿಲ್ಲ. ಹಾಗಾಗಿ ದೋಣಿ ಗೊತ್ತುಮಾಡುವುದಿರಲಿ, ಸೀರೆ ಕೊಳ್ಳುವುದಿರಲಿ, ಮೊಣಕಾಲು ನೋವಿರಲಿ, ನನ್ನಲ್ಲಿ ಒಂದು ಅಭಿಪ್ರಾಯ ಸಿದ್ಧವಾಗಿರುತ್ತದೆ. ಈಚೆಗೆ ನಮ್ಮ ಕಡೆಯ ಯಾತ್ರಿಕರು ರೈಲಿಳಿದು ಬಂದ ಕೂಡಲೇ ಗಂಗೆ ಎತ್ತ ಎಂದು ಕೇಳುವುದಿಲ್ಲ, ಪ್ಲಗ್ಗು ಎಲ್ಲಿ ಎಂದು ಕೇಳುತ್ತಾರೆ. ಚಾರ್ಜರನ್ನು ಮಾತ್ರ ಊರಲ್ಲೇ ಮರೆತಿರುತ್ತಾರೆ. ಆದ್ದರಿಂದ ಪ್ರತಿ ಕೋಣೆಗೂ ಒಂದು ಟೈಪ್-ಸಿ ಚಾರ್ಜರ್ ಇಡಬೇಕೆಂದು ನಿರ್ಧರಿಸಿದೆ.

ಫೋನ್ ಕಂಪನಿಯ ಚಾರ್ಜರನ್ನೇ ಕೊಳ್ಳುವುದು ಚೌಕಾಸಿ ಬಾರದವರ ಕೆಲಸ. ಗೋದೌಲಿಯಾ ಪೇಟೆಯ ಅಂಗಡಿಯವನು ಬೇರೆಯದನ್ನು ತೋರಿಸಿ, “ಸಬ್ ಮೊಬೈಲ್ ಮೇ ಚಲೇಗಾ, ಚಾಚಾ,” ಎಂದ. ಎಲ್ಲ ಮೊಬೈಲಿಗೂ ಆಗುತ್ತದೆ ಎಂಬ ಮಾತನ್ನು ಹಾಗೇ ನಂಬುವವನಲ್ಲ ನಾನು. ಒಂದೊಂದನ್ನೂ ನನ್ನ ಫೋನಿಗೆ ಚುಚ್ಚಿ ನೋಡಿದೆ. ಮಿಂಚಿನ ಗುರುತು ಮೂಡಿದ್ದು ಪಾಸು, ಮೂಡದ್ದು ಫೇಲು. ಫೇಲಾದವನ್ನು ತೋರಿಸಿ ಪಾಸಾದವುಗಳ ಬೆಲೆ ಇಳಿಸಿದೆ. ನೀವೂ ಹೀಗೇ ಮಾಡಿ ಎಂದು ಗಲ್ಲಿಯಲ್ಲಿ ಎದುರಾದವರಿಗೆಲ್ಲ ಹೇಳಿದೆ.

ಗದಗದ ಸರೋಜಮ್ಮ ಬಂದದ್ದು ತಮ್ಮನ ಅಸ್ಥಿ ಹಿಡಿದುಕೊಂಡು. ಮಗ ಗಂಗೆ ಸೇರುವುದನ್ನು ಕಣ್ಣಾರೆ ನೋಡಬೇಕೆಂಬುದು ಊರಲ್ಲಿ ಹಾಸಿಗೆ ಹಿಡಿದ ತಾಯಿಯ ಆಸೆ. “ವಿಡಿಯೋದಾಗ ತೋರಸ್ತೀನಂತ ಅವ್ವಗ ಮಾತ್ ಕೊಟ್ಟೀನ್ರಿ ಅಣ್ಣಾರ. ಫೋನ್ ನೋಡಿದ್ರ ರೈಲಿನ್ಯಾಗ ಪೂರಾ ಇಳದೈತಿ,” ಎಂದರು. “ಚಿಂತೆ ಬಿಡಿ ತಾಯಿ, ನಾನೇ ಪರೀಕ್ಷೆ ಮಾಡಿ ತಂದ ಚಾರ್ಜರ್ ಇದೆ,” ಎಂದೆ. ಚುಚ್ಚಿದ ಕೂಡಲೇ ಮಿಂಚಿನ ಗುರುತೂ ಬಂತು. ಅವರ ಸ್ನಾನ, ಸಂಕಲ್ಪ ಮುಗಿದ ಮೇಲೆ ಚಾರ್ಜರಿನಿಂದ ಫೋನು ಕಿತ್ತುಕೊಂಡು ಪುರೋಹಿತರೊಂದಿಗೆ ದೋಣಿ ಹತ್ತಿದೆವು. ತೆರೆದು ನೋಡಿದರೆ ಚಾರ್ಜು ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಪಿನ್ನು ಹೊಂದಿದ ಮಾತ್ರಕ್ಕೆ ಹೊಟ್ಟೆ ತುಂಬುವುದಿಲ್ಲ. ಕೆಲವು ಫೋನುಗಳು ಪರರ ಚಾರ್ಜರಿನಿಂದ ತೊಟ್ಟುತೊಟ್ಟಾಗಿ ಮಾತ್ರ ಕುಡಿಯುತ್ತವೆ. ಈ ಜ್ಞಾನ ನನಗೆ ನಡುನೀರಿನಲ್ಲಿ ಬಂತು. ನನ್ನ ಫೋನಿನಲ್ಲಿ ಸದಾ ಚಾರ್ಜು ತುಂಬಿರುತ್ತಿತ್ತು. ಉಂಡೆದ್ದವನಿಗೆ ಬಡಿಸಿ ಅಡುಗೆ ಸಾಕಾಯಿತೇ ಎಂದು ಕೇಳಿದಂತಾಗಿತ್ತು ನನ್ನ ಪರೀಕ್ಷೆ.

“ನನ್ನ ಫೋನಿನಿಂದ ಮಾಡೋಣ,” ಎಂದೆ. ಅವರು ಹೇಳಿದ ನಂಬರಿಗೆ ವಿಡಿಯೋ ಕರೆ ಮಾಡಿದೆ. ಗದಗದಲ್ಲಿ ರಿಂಗಾಯಿತು, ಯಾರೂ ಎತ್ತಲಿಲ್ಲ. “ಗೊತ್ತಿಲ್ಲದ ನಂಬರ್ ಎತ್ತಬ್ಯಾಡ ಅಂತ ನಾನ ಹೇಳೀನ್ರಿ ಅವ್ವಗ,” ಎಂದರು ಸರೋಜಮ್ಮ, ಸಣ್ಣ ದನಿಯಲ್ಲಿ. ಪುರೋಹಿತರು ಮಡಕೆಯ ಬಾಯಿಗೆ ಕಟ್ಟಿದ ಬಟ್ಟೆ ಬಿಚ್ಚುತ್ತಿದ್ದರು. “ನಿಮ್ಮ ಫೋನಿನಲ್ಲಿ ಒಂದು ಮಾತಿಗಾಗುವಷ್ಟು ಉಳಿದಿದೆ. ಅಷ್ಟು ಹೇಳಿಬಿಡಿ,” ಎಂದೆ.

“ಅವ್ವಾ, ಹೊಸಾ ನಂಬರ್ ಬರ್ತೈತಿ, ಅದನ್ನ...” ಫೋನು ಆರಿಹೋಯಿತು.

ಎತ್ತು ಎಂದು ಹೇಳುವುದೇ ಉಳಿದಿತ್ತು. ಪುರೋಹಿತರು ಮಂತ್ರ ನಿಲ್ಲಿಸಿ ನನ್ನ ಕೈಯಲ್ಲಿದ್ದ ಫೋನನ್ನು ನೋಡಿದರು. ಮತ್ತೆ ಕರೆ ಮಾಡಿದೆ. ಬಹಳ ಹೊತ್ತು ರಿಂಗಾಗಿ, ಪರದೆಯ ಮೇಲೆ ಒಂದು ಬೆಳ್ಳಗಿನ ತಲೆ ಕಾಣಿಸಿತು.

“ಯಾರಪಾ ನೀ? ಬರೇ ಆಕಾಶ ಕಾಣಾಕತ್ತೈತಿ. ಕೆಳಗ ಹಿಡಿ, ನನ್ನ ಮಗ ಕಾಣವಲ್ಲ.”

ಕೆಳಗೆ ಹಿಡಿದೆ. ಸರೋಜಮ್ಮ ಎರಡೂ ಕೈಯಿಂದ ನೀರಿಗೆ ಬಿಟ್ಟರು. ಬೂದಿ ಕರಗಿ ನೀರು ಮೊದಲಿನಂತಾಗುವವರೆಗೂ ಆ ತಾಯಿ ನೋಡುತ್ತಿದ್ದರು.

ಈಗ ಆ ಮನೆಯಲ್ಲಿ ನನ್ನದು ಗೊತ್ತಿರುವ ನಂಬರು. “ಗಂಗವ್ವನ್ನ ತೋರಸಪಾ,” ಎಂದು ಆಕೆ ಹೊತ್ತುಗೊತ್ತಿಲ್ಲದೆ ಕರೆಯುತ್ತಾರೆ. ನನ್ನ ಫೋನು ಮಧ್ಯಾಹ್ನಕ್ಕೇ ಬರಿದಾಗುತ್ತದೆ. ಚಾರ್ಜರ್ ಕೊಳ್ಳುವವರು ಹೀಗೆ ಬರಿದಾದ ಫೋನನ್ನೇ ಒಯ್ಯಬೇಕು, ಅಂಕಿ ಏರುವವರೆಗೆ ಅಂಗಡಿ ಬಿಟ್ಟು ಕದಲಬಾರದು. ಮೊನ್ನೆ ಅದೇ ಗೋದೌಲಿಯಾದ ಅಂಗಡಿಯಲ್ಲಿ ನಾನು ಹಾಗೆ ಕಾಯುತ್ತಾ ಬೆಲೆ ಇಳಿಸುತ್ತಿದ್ದಾಗ ಆಕೆಯ ಕರೆ ಬಂತು. ನಮ್ಮ ಹಿಂದಿ ವಾಗ್ವಾದವನ್ನೆಲ್ಲ ಆಲಿಸಿ, “ಅಲ್ಲಪಾ, ಕಾಶಿಯಾಗ ನಿಂತು ಇಷ್ಟಕ್ಕ ಜಗಳಾನ? ಅವ ಕೇಳಿದಷ್ಟು ಕೊಟ್ಟು ಮನಿಗೆ ಹೋಗು,” ಎಂದರು.

ಕೊಟ್ಟೆ. ಅಂಗಡಿಯವನು ನನ್ನ ಮುಖವನ್ನೊಮ್ಮೆ ನೋಡಿ, ನೋಟನ್ನು ಬೆಳಕಿಗೆ ಹಿಡಿದು ಪರೀಕ್ಷಿಸಿದ.