ಚಳಿಗೆ ಹಾಸಿಗೆ ಸೇರಿದ ಹುಳಿಹಿಟ್ಟು

ಮರಳುಗಾಡು ಎಂದರೆ ಬಿಸಿಲು ಎಂದು ನನ್ನ ತಲೆಗೆ ತುಂಬಿದವರು ಯಾರೋ ಗೊತ್ತಿಲ್ಲ. ಕೈಗೆ ಸಿಕ್ಕಿದರೆ ಆ ಮಹಾನುಭಾವರನ್ನು ಜನವರಿ ತಿಂಗಳಲ್ಲಿ ಒಂದು ರಾತ್ರಿ ನನ್ನ ಪಿಕಪ್ ಗಾಡಿಯ ಹಿಂದಿನ ಗೂಡಿನಲ್ಲಿ ಮಲಗಿಸಬೇಕೆಂದಿದ್ದೇನೆ. ಬೆಳಗ್ಗೆ ಅವರೇ ಸುತ್ತಿಗೆ ಹಿಡಿದು, ಚಳಿಗೆ ಕಚ್ಚಿಕೊಂಡ ಬಾಗಿಲು ಬಿಡಿಸಿಕೊಂಡು ಹೊರಗೆ ಬರಲಿ.

ನಾವು ಉತ್ತರದ ಚಳಿನಾಡು ಮೊಂಟಾನಾದವರು. ವರ್ಷದಲ್ಲಿ ಅರ್ಧ ಕಾಲ ಅಂಗಳದ ಹಿಮ ಬಾಚುವುದು, ಇನ್ನರ್ಧ ಕಾಲ ಹಿಮ ಬಾಚಿದ ಸೊಂಟಕ್ಕೆ ಮುಲಾಮು ತಿಕ್ಕಿಕೊಳ್ಳುವುದು, ಇಷ್ಟೇ ನಮ್ಮ ಬಾಳು. ಕೆಲಸದಿಂದ ನಿವೃತ್ತನಾದ ಮೇಲೆ ನನಗೊಂದು ಜ್ಞಾನೋದಯವಾಯಿತು. ನಮ್ಮೂರಿನ ಮುದುಕ ಮುದುಕಿಯರೆಲ್ಲ ಚಳಿಗಾಲ ಬಂತೆಂದರೆ ಅರಿಜೋನಾದ ಮರಳುಗಾಡಿಗೆ ಹೋಗಿ, ಗಾಡಿ ನಿಲ್ಲಿಸಿಕೊಂಡು, ಮಡಚುವ ಕುರ್ಚಿಯಲ್ಲಿ ಹೊಟ್ಟೆ ಬಿಸಿಲಿಗೆ ಹಾಕಿ ಕೂರುತ್ತಾರೆ. ನಾನು ಮಾಡಿದ ಪಾಪವಾದರೂ ಏನು?

ಕೂಡಲೇ ನಮ್ಮ ಹಳೆಯ ಪಿಕಪ್‌ನ ಬೆನ್ನ ಮೇಲೆ ಪ್ಲೈವುಡ್‌ನಿಂದ ಒಂದು ಗೂಡು ಕಟ್ಟಿದೆ. (ನನ್ನ ಹೆಂಡತಿ ಅರ್ಲೀನ್ ಅದನ್ನು ಕೋಳಿಗೂಡು ಎನ್ನುತ್ತಾಳೆ. ಅದು ಅವಳ ದೃಷ್ಟಿದೋಷ.) ಮಂಚ, ಒಲೆ, ಕಪಾಟು ಎಲ್ಲ ಸೇರಿದ ಮೇಲೆ ಒಂದೇ ಒಂದು ಮೂಲೆ ಉಳಿಯಿತು. ಅಲ್ಲಿ ಹೀಟರ್ ಇಡುವುದೋ, ಐಸ್ ಪೆಟ್ಟಿಗೆ ಇಡುವುದೋ? ಹೋಗುವುದು ಮರಳುಗಾಡಿಗೆ. ನನ್ನ ಸಮಸ್ತ ವಿವೇಕವನ್ನೂ ಬಳಸಿ ಐಸ್ ಪೆಟ್ಟಿಗೆಯನ್ನು ಅಲ್ಲಿ ಪ್ರತಿಷ್ಠಾಪಿಸಿ ಅದರ ತುಂಬ ಬಿಯರ್ ತುಂಬಿದೆ.

ಅರ್ಲೀನ್ ಗೂಡಿನೊಳಗೆ ತಲೆ ತೂರಿಸಿ ನೋಡಿದಳು. "ಲೈಲ್, ಹೀಟರ್ ಎಲ್ಲಿ?"

"ಮರಳುಗಾಡಿಗೆ ಯಾರಾದ್ರೂ ಹೀಟರ್ ಹೊತ್ಕೊಂಡು ಹೋಗ್ತಾರೇನೇ? ನೋಡಿದೋರು ನಗ್ತಾರೆ."

"ನನ್ನ ದಪ್ಪ ರಜಾಯಿ?"

"ಅದೂ ಬೇಡ. ನಾನಿಲ್ವಾ? ನನ್ನ ಮೈ ಅಂದ್ರೆ ಒಲೆ ಇದ್ದ ಹಾಗೆ. ಮದುವೆ ಆದಾಗಿಂದ ನೀನೇ ಹೇಳ್ತಾ ಬಂದಿದೀಯ."

"ಒಲೆ ಅಂದಿದ್ದು ನಿಜ. ಹೊಗೆ ಜಾಸ್ತಿ, ಬೇಯೋದು ಕಡಿಮೆ ಅಂತಾನೂ ಅಂದಿದ್ದೆ. ಅದನ್ನ ಮಾತ್ರ ಮರೆತುಬಿಡ್ತೀಯ."

ಅವಳ ಸಿಡುಕಿಗೆ ಕಾರಣವಿತ್ತು. ಚಳಿಗಾಲವನ್ನು ಟೂಸಾನ್ ಊರಿನಲ್ಲಿರುವ ಅಕ್ಕ ಮಾರ್ವಾಳ ಮನೆಯಲ್ಲಿ ಬೆಚ್ಚಗೆ ಕಳೆಯಬೇಕೆಂಬುದು ಅವಳ ಆಸೆ. ಆ ಮನೆಯ ಮೇಲೆ ನನಗೆ ದ್ವೇಷವಿಲ್ಲ. ಮನೆಯೊಳಗೆ ಮಾರ್ವಾಳ ಗಂಡ ನಾರ್ಬರ್ಟ್ ಇದ್ದಾನೆ, ಅಷ್ಟೇ. ಅವನ ಬಲ ಮಂಡಿಗೆ ಆಪರೇಷನ್ ಆಗಿದೆ. ಅದರ ಕತೆಯನ್ನು ಅವನು ಬೆಳಗ್ಗೆ ಕಾಫಿಗೆ ಶುರು ಮಾಡಿದರೆ ರಾತ್ರಿ ಊಟದ ಹೊತ್ತಿಗೆ ಹೊಲಿಗೆ ಹಾಕುವ ಹಂತಕ್ಕೆ ತರುತ್ತಾನೆ. ಮರುದಿನ ಮತ್ತೆ ಮೊದಲಿನಿಂದ.

ಬಹಳ ಹೊತ್ತು ವಾದವಾಗಿ ಕೊನೆಗೆ ಅರ್ಲೀನ್ ಒಂದು ಷರತ್ತು ಹಾಕಿದಳು. "ಸರಿ, ಬರ್ತೀನಿ. ಆದ್ರೆ ಆಗ್ನೆಸ್ ನಮ್ಮ ಜೊತೆ ಬರ್ತಾಳೆ. ಅವಳಿಗೇನಾದ್ರೂ ಆಯ್ತೋ, ಗಾಡಿ ಅವತ್ತೇ ಟೂಸಾನ್ ಕಡೆ ತಿರುಗತ್ತೆ. ಚಳಿಗಾಲ ಪೂರ್ತಿ ನಾರ್ಬರ್ಟ್ ಪಕ್ಕದ ಕುರ್ಚಿ ನಿಂದೇ."

ಆಗ್ನೆಸ್ ಯಾರೆಂದು ಹೇಳಬೇಕು. ಆಗ್ನೆಸ್ ಒಂದು ಗಾಜಿನ ಜಾಡಿ. ಜಾಡಿಯೊಳಗೆ ರೊಟ್ಟಿ, ಪ್ಯಾನ್‌ಕೇಕುಗಳಿಗೆ ಬಳಸುವ ಹುಳಿಹಿಟ್ಟಿನ ಹೆಪ್ಪು. ಅರ್ಲೀನಳ ಅಜ್ಜಿ ಆಗ್ನೆಸ್ ಎತ್ತಿನ ಬಂಡಿಯಲ್ಲಿ ಮೊಂಟಾನಾಗೆ ಬರುವಾಗ ಜೊತೆಗೆ ತಂದದ್ದು. ಅಜ್ಜಿ ಹೋಗಿ ಎಷ್ಟೋ ಕಾಲವಾಯಿತು, ಹಿಟ್ಟು ಮಾತ್ರ ಇನ್ನೂ ಗುಳುಗುಳು ಎನ್ನುತ್ತಿದೆ. ಪ್ರತಿ ಸಂಜೆ ಅದಕ್ಕೆ ಹಿಟ್ಟು ನೀರು ಉಣಿಸಬೇಕು. ನಮ್ಮ ಮನೆಯಲ್ಲಿ "ಆಗ್ನೆಸ್ ಊಟ ಆಯ್ತಾ?" ಎಂಬ ಪ್ರಶ್ನೆ ಬಂದ ಮೇಲೆಯೇ "ಲೈಲ್, ನಿಂದು?" ಎಂಬ ಪ್ರಶ್ನೆ ಬರುತ್ತದೆ, ಬಂದರೆ.

ಮರಳುಗಾಡು ಹಗಲಲ್ಲಿ ಸ್ವರ್ಗವಾಗಿತ್ತು. ಅಂಗಿ ಕಳಚಿ ಕುರ್ಚಿಯಲ್ಲಿ ಕೂತು ಐಸ್ ಪೆಟ್ಟಿಗೆಯಿಂದ ಒಂದು ಬಿಯರ್ ತೆಗೆದು, "ಹೇಗಿದೆ?" ಎಂದು ಹೆಂಡತಿಯ ಕಡೆ ಚಕ್ರವರ್ತಿಯಂತೆ ನೋಡಿದೆ. ಅವಳೂ ಕಾಲು ಚಾಚಿ ಕೂತು, "ಪರವಾಗಿಲ್ಲ" ಎಂದಳು. ಅರ್ಲೀನಳ ಬಾಯಲ್ಲಿ ಅದು ಚಿನ್ನದ ಪದಕಕ್ಕೆ ಸಮ.

ಪಕ್ಕದಲ್ಲಿ ಹಳೆಯ ಶಾಲಾ ಬಸ್ಸೊಂದು ನಿಂತಿತ್ತು. ಅದರ ಒಡತಿ ಟ್ರೂಡಿ, ಎಪ್ಪತ್ತು ದಾಟಿದ ಗಟ್ಟಿಗಿತ್ತಿ. ಮೊದಲು ಅದೇ ಬಸ್ಸನ್ನು ಓಡಿಸುತ್ತಿದ್ದವಳು, ಈಗ ಅದರಲ್ಲೇ ವಾಸ. ಸುಡುವ ಬಿಸಿಲಿನಲ್ಲೇ ಅವಳು ಕಿವಿಮುಚ್ಚುವ ಉಣ್ಣೆ ಟೋಪಿ ಹಾಕಿಕೊಂಡು ಸೌದೆ ಒಡೆಯುತ್ತಿದ್ದಳು. ನನಗೆ ನಗು ಬಂತು.

"ನಗು, ನಗು. ಆಕಾಶದಲ್ಲಿ ಒಂದು ಚೂರೂ ಮೋಡ ಇಲ್ಲ. ಇವತ್ತು ರಾತ್ರಿ ನೀರು ಕಲ್ಲಾಗತ್ತೆ" ಎಂದಳು ಟ್ರೂಡಿ.

"ನಾವು ಮೊಂಟಾನಾದೋರು ಟ್ರೂಡಿ. ಚಳಿ ನಮ್ಮನ್ನ ನೋಡಿದ್ರೆ ನಮಸ್ಕಾರ ಹೊಡ್ಯುತ್ತೆ."

"ಹಾಗಾದ್ರೆ ಅಂಗಿ ಹಾಕ್ಕೊಂಡು ಕೂತ್ಕೋ. ನಮಸ್ಕಾರ ಹೊಡೆಸ್ಕೊಳೋರು ಹಾಗೆಲ್ಲ ಬರಿಮೈಲಿ ಕೂರ್ಬಾರ್ದು."

ಸೂರ್ಯ ಗುಡ್ಡದ ಹಿಂದೆ ಇಳಿದದ್ದೇ ತಡ, ಯಾರೋ ದೊಡ್ಡ ಬಾಗಿಲು ತೆಗೆದುಬಿಟ್ಟಂತಾಯಿತು. ಬೆಂಕಿಯ ಮುಂದೆ ಕೂತು ಬೀನ್ಸ್ ತಿನ್ನುವಾಗ ಮುಂಭಾಗ ಬೇಯುತ್ತಿತ್ತು, ಬೆನ್ನು ಸೆಟೆಯುತ್ತಿತ್ತು. ಊಟ ಮುಗಿಯುವಷ್ಟರಲ್ಲಿ ನಾಯಿಗೆಂದು ಟ್ರೂಡಿ ಇಟ್ಟಿದ್ದ ನೀರಿನ ಮೇಲೆ ಕೆನೆ ಕಟ್ಟಿದ ಹಾಗೆ ಮಂಜುಗಡ್ಡೆ ಕಟ್ಟಿತು. ನಾಯಿ ಅದನ್ನು ಒಮ್ಮೆ ನೆಕ್ಕಿ ನನ್ನನ್ನೇ ಗುರಾಯಿಸಿತು.

ಅರ್ಲೀನ್ ಜಾಡಿಯನ್ನು ಎದೆಗವಚಿಕೊಂಡು ಬಂದಳು. "ಲೈಲ್, ಆಗ್ನೆಸ್ ತಣ್ಣಗಾಗ್ತಿದಾಳೆ."

"ಒಂದು ಟವಲ್ ಸುತ್ತು."

"ಟವಲ್ಲೇ ತಣ್ಣಗಿದೆ. ಬಂಡೀಲಿ ಬರೋವಾಗ ನಮ್ಮಜ್ಜಿ ಹೇಗೆ ಕಾಪಾಡಿದ್ದು ಗೊತ್ತಾ? ಹಾಸಿಗೇಲಿ, ಮೈಗೆ ತಗುಲಿಸ್ಕೊಂಡು. ಅಜ್ಜ ಬಂಡಿ ಕೆಳಗೆ ಮಲಗ್ತಿದ್ರಂತೆ."

"ಸರಿ, ಹಾಗಾದ್ರೆ ನೀನು ಮಗ್ಗುಲಲ್ಲಿ ಇಟ್ಕೊ."

"ನನ್ನ ಕಾಲೇ ಐಸಾಗಿದೆ. ಒಲೆ ಯಾರು ಇಲ್ಲಿ? ನಾನಾ?"

ಆಡಿದ ಮಾತನ್ನು ನುಂಗುವ ಸೌಲಭ್ಯ ಗಂಡಸರಿಗೆ ಯಾವ ದೇಶದಲ್ಲೂ ಇಲ್ಲ. ಸ್ಲೀಪಿಂಗ್ ಬ್ಯಾಗಿನೊಳಗೆ ಇಳಿದು ಜಾಡಿಯನ್ನು ತೆಗೆದುಕೊಂಡೆ. ಆಗ ನನಗೆ ನಾರ್ಬರ್ಟ್‌ನ ಮಂಡಿ ಕಣ್ಣ ಮುಂದೆ ಬಂತು. ಇಲ್ಲ, ಆಗ್ನೆಸ್ ಸಾಯಕೂಡದು! ಅರ್ಲೀನ್ ಆಗಲೇ ಅದಕ್ಕೆ ಊಟ ಹಾಕಿದ್ದಳು. ಆದರೂ ಚಳಿ ತಡೆಯಲು ಶಕ್ತಿ ಬೇಕಲ್ಲ ಎಂದು ಅವಳು ಹಲ್ಲುಜ್ಜಲು ಹೋದಾಗ ಇನ್ನೆರಡು ಹಿಡಿ ಹಿಟ್ಟು, ಮೇಲಿಷ್ಟು ಬಿಸಿನೀರು ಹಾಕಿ ಕಲಸಿದೆ. ಚೆಲ್ಲದಿರಲೆಂದು ಮುಚ್ಚಳದ ಕೊಂಡಿಯನ್ನು ಬಿಗಿಯಾಗಿ ಒತ್ತಿದೆ. (ಇಂಥ ಮುಂದಾಲೋಚನೆ ನನಗೆ ಹುಟ್ಟಿನಿಂದ ಬಂದದ್ದು.)

ಆ ರಾತ್ರಿಯ ವರ್ಣನೆ ಬೇಡ. ನಮ್ಮ ಉಸಿರೇ ಚಾವಣಿಗೆ ಹತ್ತಿ ಹೆಪ್ಪುಗಟ್ಟಿ ನನ್ನ ಮೂಗಿನ ಮೇಲೆ ಪುಡಿಪುಡಿಯಾಗಿ ಉದುರುತ್ತಿತ್ತು ಎಂದರೆ ಸಾಕು. ಆದರೆ ಆಗ್ನೆಸ್ ಬೆಚ್ಚಗಿದ್ದಳು. ನನ್ನ ಹೊಟ್ಟೆಯ ಮೇಲೆ ಗುಳುಗುಳು ಎನ್ನುತ್ತಿದ್ದಳು. ಆ ಸದ್ದು ಹಿತವಾಗಿದೆ ಎಂದುಕೊಂಡೇ ನಿದ್ದೆ ಹೋದೆ.

ಬೆಳಕು ಹರಿಯುವ ಹೊತ್ತಿಗೆ "ಢಬ್!" ಎಂದಿತು.

ಗುಂಡು ಬಿತ್ತೆಂದು ಎದ್ದು ಕೂರಲು ಹೋದೆ, ಆಗಲಿಲ್ಲ. ಕುತ್ತಿಗೆಯಿಂದ ಹೊಕ್ಕುಳಿನವರೆಗೆ ಏನೋ ಮೆತ್ತಗೆ, ಬಿಸಿಬಿಸಿಯಾಗಿ ಹರಿಯುತ್ತಿತ್ತು. "ಅರ್ಲೀನ್, ನನಗೇನೋ ಆಯ್ತು ಕಣೇ! ಕರುಳು ಹೊರಗೆ ಬಂದಿದೆ!" ಎಂದು ಕಿರುಚಿದೆ. ಒದ್ದಾಟದಲ್ಲಿ ಜಾಡಿ ಕೆಳಗುರುಳಿತು.

ಅರ್ಲೀನ್ ಟಾರ್ಚ್ ಹಾಕಿದಳು. ನಾನು ಬಿಗಿದಿದ್ದ ಮುಚ್ಚಳವನ್ನು ಉಬ್ಬಿದ ಹಿಟ್ಟು ಹಾರಿಸಿತ್ತು. ನನ್ನ ಕರುಳನ್ನು ಬಿಟ್ಟು ಮೊದಲು ಜಾಡಿಯನ್ನು ಹುಡುಕಿದಳು. ಅದು ಸಿಕ್ಕಿದ್ದು ಬಾಗಿಲ ಸಂದಿಯಲ್ಲಿ, ಎರಡು ಹೋಳಾಗಿ. ತಳದಲ್ಲಿ ಉಳಿದಿದ್ದ ಹಿಟ್ಟಿನೊಳಗೆಲ್ಲ ಗಾಜಿನ ಚೂರು. ಅವಳು ಆ ಹೋಳುಗಳನ್ನು ಕೈಯಲ್ಲಿ ಹಿಡಿದು ಮಂಚದ ತುದಿಯಲ್ಲಿ ಕೂತಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

"ಅಜ್ಜಿ ಸಾಯೋವಾಗ ನನ್ನ ಕೈಗೇ ಕೊಟ್ಟಿದ್ರು ಲೈಲ್" ಎಂದಳು ಮೆಲ್ಲಗೆ.

ನನಗೆ ನಿಜವಾಗಿಯೂ ಸಂಕಟವಾಯಿತು. ನಾರ್ಬರ್ಟ್ ನೆನಪೂ ಆಗಲಿಲ್ಲ. ಇವಳು ಮತ್ತೆ ನಗುವುದಾದರೆ ಟೂಸಾನ್ ಏನು, ಅವನ ಎರಡೂ ಮಂಡಿಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂರಲು ಸಿದ್ಧ ಎನ್ನಿಸಿತು. ಜೊತೆಗೆ, ಸುಳ್ಳೇಕೆ, ಟೂಸಾನ್‌ನಲ್ಲಿ ಹೀಟರ್ ಇದೆ ಎಂಬುದೂ ಹೊಳೆಯಿತು. "ಹೊರಡೋಣ ಬಾ. ಮಾರ್ವಾ ಮನೆಗೇ ಹೋಗೋಣ. ತಪ್ಪು ನಂದೇ" ಎಂದು ಎದ್ದು ಕೂತೆ. ಹಿಟ್ಟಿಗೆ ಅಂಟಿಕೊಂಡ ಸ್ಲೀಪಿಂಗ್ ಬ್ಯಾಗೂ ನನ್ನ ಜೊತೆಯೇ ಎದ್ದಿತು. "ಒಂದು ನಿಮಿಷ ಇರು, ಮೊದಲು ಇದನ್ನ ಬಿಡಿಸ್ಕೊಳ್ತೀನಿ. ಎದೆ ಮೇಲೆ ಏನೋ ಚುಳುಚುಳು ಅಂತಿದೆ."

ಅರ್ಲೀನ್ ತಟ್ಟನೆ ತಲೆಯೆತ್ತಿದಳು. "ಏನಂದೆ?"

"ಚುಳುಚುಳು. ಗುಳ್ಳೆ ಒಡೆದ ಹಾಗೆ."

"ಅಲುಗಾಡಬೇಡ!"

ನನ್ನ ಅಂಗಿಯ ಗುಂಡಿಗಳು ಒಂದೊಂದು ದಿಕ್ಕಿಗೆ ಹಾರಿದವು. ಟಾರ್ಚಿನ ಬೆಳಕಿನಲ್ಲಿ ಅವಳು ನನ್ನ ಎದೆಯನ್ನು ನೋಡಿದ ನೋಟವನ್ನು ಏನೆಂದು ಹೇಳಲಿ! ಮದುವೆಯ ಹೊಸತರಲ್ಲೂ ಆ ಭಾಗ್ಯ ನನ್ನ ಎದೆಗೆ ದೊರೆತಿರಲಿಲ್ಲ. "ಬದುಕಿದಾಳೆ! ಲೈಲ್, ನಿನ್ನ ಕೂದಲ ಒಳಗೆ ಬದುಕಿದಾಳೆ!"

ಮರದ ಸೌಟು ಬಂತು. ಎಳೆದಾಗಲೆಲ್ಲ ನನ್ನ ಎದೆಯ ಪೈರೂ ಸ್ವಲ್ಪ ಸ್ವಲ್ಪವಾಗಿ ಕಟಾವಾಗುತ್ತಿತ್ತು. ನಾನು ಅರಚುವುದನ್ನು ಕೇಳಿ ಟ್ರೂಡಿ ಸೌದೆ ಕೊಡಲಿಯೊಂದಿಗೆ ಓಡಿ ಬಂದಳು. ಉಸಿರಿನ ತೇವ ಹೆಪ್ಪುಗಟ್ಟಿ ಬಾಗಿಲು ಕಚ್ಚಿಕೊಂಡಿತ್ತು. ಅವಳೇ ಕೊಡಲಿಯ ಹಿಂಬದಿಯಿಂದ ಬಡಿದು ತೆಗೆದಳು. ಒಳಗೆ ಒಬ್ಬ ಗಂಡಸು ಬರಿ ಎದೆಯಲ್ಲಿ ಮಲಗಿದ್ದಾನೆ, ಅವನ ಹೆಂಡತಿ ಮೇಲೆ ಕೂತು ಸೌಟಿನಿಂದ ಕೆರೆಯುತ್ತಿದ್ದಾಳೆ.

"ನಾನು ಆಮೇಲೆ ಬರ್ತೀನಿ" ಎಂದು ಟ್ರೂಡಿ ತಿರುಗಿದಳು.

"ಹುಳಿಹಿಟ್ಟು ಟ್ರೂಡಿ, ಹುಳಿಹಿಟ್ಟು!" ಎಂದು ಇಬ್ಬರೂ ಒಟ್ಟಿಗೆ ಕೂಗಿದೆವು.

ಕತೆಯೆಲ್ಲ ಕೇಳಿದ ಮೇಲೆ ಟ್ರೂಡಿ ಐಸ್ ಪೆಟ್ಟಿಗೆಯನ್ನು ಕಾಲಿನಿಂದ ತಟ್ಟಿದಳು. "ಇದರಲ್ಲಿ ಯಾಕೆ ಇಡ್ಲಿಲ್ಲ? ಒಳಗಿನ ತಂಪು ಹೊರಗೆ ಬಿಡದ ಪೆಟ್ಟಿಗೆ, ಹೊರಗಿನ ಚಳೀನ ಒಳಗೆ ಬಿಡತ್ತಾ? ನಾವೆಲ್ಲ ಮೊಟ್ಟೆ, ಹಾಲು ಹೆಪ್ಪುಗಟ್ಟದೆ ಇರ್ಲಿ ಅಂತ ಅದರಲ್ಲೇ ಇಡೋದು." ಮುಚ್ಚಳ ತೆಗೆದು ನೋಡಿದರೆ ನನ್ನ ಬಿಯರ್ ಬಾಟಲಿಗಳು ನಮ್ಮಿಬ್ಬರಿಗಿಂತ ಸುಖವಾಗಿ ರಾತ್ರಿ ಕಳೆದಿದ್ದವು. ಅರ್ಲೀನ್ ನನ್ನ ಕಡೆ ನೋಡಿದಳು. ನಾನು ಬೆಟ್ಟದ ಕಡೆ ನೋಡಿದೆ.

ಬಿಸಿಲೇರಿದ ಮೇಲೆ ಮತ್ತೆ ಸ್ವರ್ಗ. ಕೆರೆದು ತೆಗೆದ ಹಿಟ್ಟು ಹೊಸ ಡಬ್ಬಿ ಸೇರಿ, ಬಿಸಿಲಿನಲ್ಲಿ ಕೂತು, ಮಧ್ಯಾಹ್ನಕ್ಕೆಲ್ಲ ಉಕ್ಕಿ ಬಂತು. ಸಂಜೆಯ ಊಟಕ್ಕೆ ಅರ್ಲೀನ್ ಪ್ಯಾನ್‌ಕೇಕ್ ಹುಯ್ದಳು. ಒಂದೊಂದೂ ದಿಂಬಿನಷ್ಟು ಉಬ್ಬಿತ್ತು. ಟ್ರೂಡಿ ಜೇನು ಸುರಿದುಕೊಂಡು ನಾಲ್ಕು ತಿಂದಳು, ಐದನೆಯದರಲ್ಲಿ ಒಂದು ನರೆಗೂದಲು ಸಿಕ್ಕಿತು. ಅದನ್ನು ಮೆಲ್ಲಗೆ ಎಳೆದು ಪಕ್ಕಕ್ಕಿಟ್ಟು ಆರನೆಯದಕ್ಕೆ ತಟ್ಟೆ ಚಾಚಿದಳು.

"ಇಷ್ಟು ವರ್ಷದಲ್ಲಿ ಆಗ್ನೆಸ್ ಯಾವತ್ತೂ ಹೀಗೆ ಉಬ್ಬಿರ್ಲಿಲ್ಲ" ಎಂದಳು ಅರ್ಲೀನ್, ಕಣ್ಣಲ್ಲಿ ಮಿಂಚು. "ನಮ್ಮಜ್ಜಿ ಇದ್ದಿದ್ರೆ ಕುಣಿದುಬಿಡ್ತಿದ್ರು."

ಇದೇ ಸಮಯವೆಂದು ನಾನು ಗಂಟಲು ಸರಿಮಾಡಿಕೊಂಡೆ. "ಅರ್ಲೀನ್, ನಾಳೆ ಬೆಳಗ್ಗೆ ಬೇಗ ಹೊರಟ್ರೆ ಮಧ್ಯಾಹ್ನ ಟೂಸಾನ್‌ನಲ್ಲಿ ಇರ್ತೀವಿ."

"ಟೂಸಾನಾ? ಯಾಕೆ? ಆಗಲೇ ಮಾರ್ವಾಗೆ ಫೋನ್ ಮಾಡಿ ಹೇಳಾಯ್ತು, ವಸಂತ ಬರೋವರೆಗೂ ನಾವು ಇಲ್ಲೇ ಅಂತ. ನೀನೇ ತಾನೇ ಆಸೆಪಟ್ಟು ಕರ್ಕೊಂಡು ಬಂದಿದ್ದು?"

"ಆಯ್ತು, ಇರೋಣ. ಆದ್ರೆ ಆಗ್ನೆಸ್ ಐಸ್ ಪೆಟ್ಟಿಗೇಲಿ ಇರ್ಲಿ."

"ಪೆಟ್ಟಿಗೇಲಿ ಬರೀ ಬದುಕಿರ್ತಾಳೆ ಲೈಲ್. ನಿನ್ನ ಹತ್ರ ಅರಳ್ತಾಳೆ" ಎಂದು ನನ್ನ ಕೆನ್ನೆ ಸವರಿದಳು. ನಾರ್ಬರ್ಟ್‌ನಿಂದ ಪಾರಾದೆನೆಂದು ಕುಣಿಯಬೇಕಾದವನು ನಾನು. ಕುಣಿಯೋಣವೆಂದರೆ ಎದೆ ಉರಿಯುತ್ತಿತ್ತು.

ಸೂರ್ಯ ಮುಳುಗುವ ಮೊದಲೇ ನನ್ನನ್ನು ಹಾಸಿಗೆಗೆ ಸೇರಿಸಲಾಯಿತು, ಒಲೆ ಮುಂಚಿತವಾಗಿ ಕಾಯಬೇಕಂತೆ. ಡಬ್ಬಿ ಎಡ ಮಗ್ಗುಲಿಗೆ ಬಂತು. ಮುಚ್ಚಳ ಸಡಿಲವಾಗಿದೆಯೆಂದು ಅರ್ಲೀನ್ ಎರಡು ಸಲ ನೋಡಿದಳು. ಅಷ್ಟರಲ್ಲಿ ಬಾಗಿಲು ತಟ್ಟಿದ ಸದ್ದು. ಟ್ರೂಡಿ ಟೋಪಿ ಹಾಕಿಕೊಂಡು ನಿಂತಿದ್ದಳು, ಕಂಕುಳಲ್ಲಿ ಬಟ್ಟೆ ಸುತ್ತಿದ ಜಾಡಿ.

"ನಂದೂ ಒಂದು ಹಿಟ್ಟಿದೆ, ಯಾಕೋ ಈಚೆಗೆ ಮಂಕಾಗಿದೆ" ಎಂದು ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿ, ಅರ್ಲೀನ್ ಕಡೆ ತಿರುಗಿದಳು. "ಇವನ ಬಲಗಡೆ ಜಾಗ ಯಾರಾದ್ರೂ ಹಿಡ್ಕೊಂಡಿದಾರಾ?"

"ಇಲ್ಲ, ಖಾಲಿ ಇದೆ. ಕೊಡು ಇಲ್ಲಿ" ಎಂದಳು ನನ್ನ ಹೆಂಡತಿ.