ಮೂರನೇ ಗೂಡಿನ ಯಂತ್ರ ಮಹಾಶಯರು ತೋರಿದ ದಯೆಯ ವಿರುದ್ಧ

ಚೆಂಡೆಸೆಯುವ ಯಂತ್ರ ಮಹಾಶಯರ ಸನ್ನಿಧಿಗೆ,
ಮೂರನೇ ಗೂಡು, ಸ್ಟೇಷನ್ ಹಿಂದಿನ ಬ್ಯಾಟಿಂಗ್ ಸೆಂಟರ್, ಗ್ಯೋಟೋಕು.

ಮಾನ್ಯರೇ,

ತಮ್ಮ ತೋಳು, ಸ್ಪ್ರಿಂಗು, ಮೋಟಾರು ಎಲ್ಲವೂ ಕ್ಷೇಮವೆಂದು ನಂಬಿ, ಈಚೆಗೆ ಹೊಸ ಎಣ್ಣೆ ಕಂಡ ತಮ್ಮ ಕೀಲುಗಳಿಗೆ ಇಲ್ಲಿಂದಲೇ ತಲೆಬಾಗಿ ಈ ಪತ್ರ ಬರೆಯುತ್ತಿದ್ದೇನೆ. ತಮಗೆ ನನ್ನ ಪರಿಚಯ ಬೇಕಿಲ್ಲ. ಆದರೆ ಬಹಿರಂಗ ಪತ್ರವೆಂದ ಮೇಲೆ ದಾರಿಹೋಕರೂ ಓದುತ್ತಾರಾದ್ದರಿಂದ ಹೇಳಿಬಿಡುತ್ತೇನೆ. ನಾನು ರಮಾಕಾಂತ, ಮಳವಳ್ಳಿ ಕಡೆಯ ಹಳ್ಳಿಯಲ್ಲಿ ಚಿನ್ನಿದಾಂಡು ಆಡಿ ಬೆಳೆದವನು, ವಾರವಿಡೀ ತೋಜಾಯ್ ಲೈನಿನ ರೈಲಿನಲ್ಲಿ ಅಪರಿಚಿತರ ಬೆನ್ನಿಗೆ ಮುಖವೊತ್ತಿ ಟೋಕಿಯೋದ ಆಫೀಸಿಗೆ ಹೋಗಿಬರುವವನು, ಶನಿವಾರ ಬೆಳಿಗ್ಗೆ ಮಾತ್ರ ತಮ್ಮೆದುರು ಎದೆಯೆತ್ತಿ ನಿಲ್ಲುವವನು.

ಅದೇ ದಾರಿಹೋಕರಿಗಾಗಿ ಇನ್ನೊಂದು ಮಾತು. ತಮ್ಮ ಸಂಸ್ಥಾನದಲ್ಲಿ ಬಲೆಯ ಗೂಡಿನೊಳಗೆ ನಿಂತು ನಾಣ್ಯ ಹಾಕಿದರೆ ತಾವು ಬೇಸ್‌ಬಾಲ್ ಚೆಂಡುಗಳನ್ನು ಒಂದರ ಹಿಂದೊಂದು ಎಸೆಯುತ್ತೀರಿ, ತಮ್ಮ ನೆತ್ತಿಯ ಮೇಲಿನ ಬಲೆಯಲ್ಲಿ ತೂಗುವ ದುಂಡು ಹಲಗೆಗೆ ನಾವು ಹೊಡೆದ ಚೆಂಡು ತಗುಲಿದರೆ ತುತ್ತೂರಿ ಸಂಗೀತ ಮೊಳಗುತ್ತದೆ, ಅದೇ ಹೋಮ್‌ರನ್. ಆಗ ಮಾಲೀಕರಾದ ಮೊರಿತಾ ಸಾನ್ ಎಂಬ ಹಿರಿಯ ಹೆಂಗಸು ಎದ್ದು ಬಂದು, ಬಾಗಿಲ ಪಕ್ಕದ ಬಿಳಿ ಬೋರ್ಡಿನ ಮೇಲೆ ಹೊಡೆದವರ ಹೆಸರು ಬರೆಯುತ್ತಾರೆ. ತಿಂಗಳ ಕೊನೆಗೆ ಬೋರ್ಡು ಒರೆಸುತ್ತಾರೆ. ಅಲ್ಲಿಯವರೆಗೆ ಆ ಹೆಸರಿಗೆ ಇರುವ ಮರ್ಯಾದೆ ನಮ್ಮ ಆಫೀಸಿನ ಮ್ಯಾನೇಜರಿಗೂ ಇಲ್ಲ.

ಬ್ಯಾಟು ಬೀಸಿ ಸುಸ್ತಾದ ಮೇಲೆ ನಾನೂ ನಮ್ಮ ಕೆಳಗಿನ ಮನೆಯ ಮೈಸೂರಿನ ಮಧುಕರನೂ ಡಬ್ಬಿ ಕಾಫಿ ಹಿಡಿದು ಬೆಂಚಿನ ಮೇಲೆ ಕೂರುವುದು, ಕೂತು ಜಗಳವಾಡುವುದು ತಮಗೆ ಕಂಡದ್ದೇ. ಬೇಸಿಗೆಯಲ್ಲಿ ನಮ್ಮ ಜಗಳ ಹೈಸ್ಕೂಲು ಟೂರ್ನಮೆಂಟಿನ ಹುಡುಗರಲ್ಲಿ ಯಾರು ಮುಂದೆ ದೊಡ್ಡ ಆಟಗಾರನಾಗುತ್ತಾನೆ ಎಂಬುದರ ಮೇಲೆ. "ಗುರೂ, ಆ ಹುಡ್ಗನ್ ಭುಜ ನೋಡು. ಬರ್ದಿಟ್ಕೋ, ಸೀದಾ ಅಮೆರಿಕಕ್ಕೆ!" ಎಂದು ಮಧುಕರ ಪ್ರತಿ ವರ್ಷ ಒಬ್ಬನನ್ನು ವಿಮಾನ ಹತ್ತಿಸುತ್ತಾನೆ, ಹಾಗೆ ಹತ್ತಿಸಿದವರಲ್ಲಿ ಒಬ್ಬರು ಈಗ ಚೀಬಾದಲ್ಲಿ ಕಾರು ಮಾರುತ್ತಾರೆ, ಮಧುಕರನ ಕಾರೂ ಅವರದೇ ಅಂಗಡಿಯದು. ಬೇಸಿಗೆ ಮುಗಿದರೆ ನಮ್ಮ ಜಗಳ ಸಮುದ್ರ ದಾಟಿ, ಅಮೆರಿಕದಲ್ಲಿ ಸ್ಟೀರಾಯ್ಡ್ ಚುಚ್ಚಿಸಿಕೊಂಡು ಹೋಮ್‌ರನ್ನುಗಳ ಮಳೆ ಸುರಿಸಿದ ಆ ಕಾಲದ ವೀರರ ಮೇಲೆ ಹೋಗಿ ಕೂರುತ್ತದೆ: ಅವರ ದಾಖಲೆ ಉಳಿಯಬೇಕೋ ಅಳಿಯಬೇಕೋ, ಹಾಲ್ ಆಫ್ ಫೇಮ್ ಎಂಬ ಕೀರ್ತಿಮಂದಿರದ ಬಾಗಿಲು ಅವರಿಗೆ ತೆರೆಯಬೇಕೋ ಬೇಡವೋ.

ಈ ವಿಷಯದಲ್ಲಿ ನನ್ನಷ್ಟು ಕಟ್ಟುನಿಟ್ಟಿನ ನ್ಯಾಯಾಧೀಶ ಗ್ಯೋಟೋಕುವಿನಲ್ಲಿ ಇನ್ನೊಬ್ಬನಿರಲಿಲ್ಲ. "ಕ್ಯಾನಿನ ಹಾಲಿಗೆ ಒಂದೇ ಲೋಟ ನೀರು ಬೆರೆಸಿದ್ರೂ ಡೈರೀಲಿ ಇಡೀ ಕ್ಯಾನು ವಾಪಸ್ಸು ಕಳಿಸ್ತಾರೆ ಕಣಯ್ಯಾ. ಒರೆಸಿ ಹಾಕ್ಬೇಕು, ಅಷ್ಟೂ ಹೆಸರು ಒರೆಸಿ ಹಾಕ್ಬೇಕು" ಎಂದು ನಾನು ತೀರ್ಪು ಕೊಡುತ್ತಿದ್ದೆ. ಮಧುಕರ ಕರುಣಾಳು. "ಔಷಧಿ ತಗೊಂಡ್ರೆ ಬ್ಯಾಟು ತಾನಾಗೇ ತಿರುಗುತ್ತೇನಯ್ಯಾ? ಚೆಂಡು ನೋಡೋ ಕಣ್ಣು ಬೇಡ್ವಾ? ಆ ಕಾಲ ಹಂಗಿತ್ತು, ಬಿಡು" ಎನ್ನುತ್ತಿದ್ದ.

ಹೀಗಿರುವಾಗ, ಮಾನ್ಯರೇ, ಈ ಶರತ್ಕಾಲದಲ್ಲಿ ತಾವು ನನ್ನ ಮೇಲೆ ಕೃಪಾದೃಷ್ಟಿ ಬೀರಿದಿರಿ. ಗಂಟೆಗೆ ನೂರಹತ್ತು ಕಿಲೋಮೀಟರ್ ಎಂದು ಫಲಕ ಹೇಳುತ್ತಿದ್ದ ತಮ್ಮ ಎಸೆತ, ನೆಂಟರ ಮನೆಗೆ ಬರುವ ಅತ್ತೆಯ ಹಾಗೆ ಸಾವಕಾಶವಾಗಿ ಬಂದು ನನ್ನ ಬ್ಯಾಟಿನ ಮುಂದೆ ನಿಂತು ಕ್ಷೇಮ ವಿಚಾರಿಸತೊಡಗಿತು. ವರ್ಷಗಟ್ಟಲೆ ಗಾಳಿಯನ್ನೇ ಹೊಡೆದಿದ್ದ ನಾನು ತುತ್ತೂರಿ ಮೊಳಗಿಸಿದೆ, ಇನ್ನೊಮ್ಮೆ ಮೊಳಗಿಸಿದೆ, ಮೊರಿತಾ ಸಾನ್ ಎದ್ದು ಕೂತು ಮಾಡಿ ಮಂಡಿನೋವು ಬರಿಸಿಕೊಳ್ಳುವಷ್ಟು ಮೊಳಗಿಸಿದೆ. ನನ್ನ ಕಣ್ಣು ಸುಧಾರಿಸಿತೆಂದು ನಾನೂ, ನನ್ನ ತೂಕ ಇಳಿಯಿತೆಂದು ಹೆಂಡತಿ ಇಂದಿರಾಳೂ ನಂಬಿದೆವು.

ಅದೇ ತಿಂಗಳು ನನ್ನ ಮಗಳು ಸ್ಫೂರ್ತಿಯೂ ತಮ್ಮೆದುರು ನಿಂತು ತನ್ನ ಜೀವನದ ಮೊದಲ ಹೋಮ್‌ರನ್ ಹೊಡೆದಳು. ಆರನೇ ತರಗತಿಯ ಹುಡುಗಿ, ನಮ್ಮ ಬಡಾವಣೆಯ ಮಕ್ಕಳ ತಂಡದಲ್ಲಿ ಒಬ್ಬಳೇ ಹುಡುಗಿ. ಮೊರಿತಾ ಸಾನ್ ಬರೆದ ಅವಳ ಹೆಸರು ಬೋರ್ಡಿನ ಅರ್ಧ ಅಗಲ ಹಿಡಿಯಿತು. ತಂಡದ ಹುಡುಗರೆಲ್ಲ ಬಂದು ಅದರ ಕೆಳಗೆ ನಿಂತು ಫೋಟೋ ತೆಗೆಸಿಕೊಂಡರು. ಸ್ಫೂರ್ತಿ ಬ್ಯಾಟನ್ನು ಹಾಸಿಗೆಯ ಪಕ್ಕದಲ್ಲಿ ಮಲಗಿಸಿಕೊಂಡು ಮಲಗತೊಡಗಿದಳು. ಮಧುಕರ ಅವಳನ್ನು ಕೂಡ ಅಮೆರಿಕದ ವಿಮಾನ ಹತ್ತಿಸಿದ.

ಆಮೇಲೆ ರಿಪೇರಿಯವನು ಬಂದ. ತಮ್ಮ ಸ್ಪ್ರಿಂಗು ಸಡಿಲಗೊಂಡು ಎಷ್ಟೋ ವಾರಗಳಾಗಿವೆಯೆಂದೂ, ಎಸೆತ ಫಲಕದಲ್ಲಿ ಬರೆದ ವೇಗಕ್ಕೆ ಎಲ್ಲೂ ಸಮೀಪವಿರಲಿಲ್ಲವೆಂದೂ ಹೇಳಿ ಹೋದ. ಬೇರೆ ಊರಿನಲ್ಲಾಗಿದ್ದರೆ ಸ್ಪ್ರಿಂಗು ಬಿಗಿದು ಸುಮ್ಮನಾಗುತ್ತಿದ್ದರು. ಆದರೆ ಮೊರಿತಾ ಸಾನ್ ಬಾಗಿಲಿಗೆ ಕ್ಷಮಾಪಣೆಯ ಪ್ರಕಟಣೆ ಅಂಟಿಸಿದರು: ಮೂರನೇ ಗೂಡಿನ ಚೆಂಡು ನಿಧಾನವಾಗಿ ಬಂದು ಗೌರವಾನ್ವಿತ ಗ್ರಾಹಕರಿಗೆ ಅಪಾರ ತೊಂದರೆಯಾಗಿದೆಯಂತೆ! ಶನಿವಾರ ನಾನು ಹೋದೊಡನೆ ಎದುರಿಗೆ ಬಂದು, "ಸುಮಿಮಾಸೆನ್" ಎಂದು ಸೊಂಟ ಬಗ್ಗಿಸಿ ಕ್ಷಮೆ ಕೇಳಿ, ಆ ಅವಧಿಯ ಹೋಮ್‌ರನ್ನುಗಳ ಪಕ್ಕ, ಇವು ನಿಧಾನದ ಚೆಂಡಿನವು ಎಂದು ತಿಳಿಸುವ ಒಂದು ಗುರುತು ಹಾಕಬಹುದೇ ಎಂದು ವಿಚಾರಿಸಿದರು. ದಯವಿಟ್ಟು ಬೇಡ ಎನ್ನುವ ಅರ್ಥದಲ್ಲಿ ನಾನು ಅವರಿಗಿಂತ ಕೆಳಗೆ ಬಗ್ಗಿದೆ. ಅವರು ಇನ್ನೂ ಬಗ್ಗಿದರು. ನಾನು ಇನ್ನೂ ಬಗ್ಗಿದೆ. ಇಷ್ಟು ಆಳವಾಗಿ ಬಗ್ಗುವವನು ಒಪ್ಪಿರಲೇಬೇಕೆಂದು ಆಕೆ ತಿಳಿದರು. ನಾನು ಸೊಂಟ ಹಿಡಿದುಕೊಂಡು ಮೇಲೇಳುವಷ್ಟರಲ್ಲಿ ನನ್ನ ಅಷ್ಟೂ ಹೋಮ್‌ರನ್ನುಗಳ ಪಕ್ಕ, ಸ್ಫೂರ್ತಿಯ ಒಂದೇ ಒಂದರ ಪಕ್ಕ, ನಾಲ್ಕು ಚುಕ್ಕಿಗಳ ನಡುವೆ ಕತ್ತರಿಯಂತೆ ಎರಡು ಗೀಟು ಎಳೆದ ಪುಟ್ಟ ಗುರುತು ಬಿದ್ದಿತ್ತು. ಜಪಾನಿ ಲಿಪಿಯಲ್ಲಿ ಅಕ್ಕಿ ಎಂದು ಬರೆಯುವ ಅಕ್ಷರವನ್ನು ಹೋಲುವುದರಿಂದ ಅದನ್ನು ಇಲ್ಲಿ ಅಕ್ಕಿಯ ಗುರುತು ಎನ್ನುತ್ತಾರೆ. ಅಕ್ಷತೆ ಹಾಕಿ ಮರ್ಯಾದೆ ತೆಗೆದದ್ದನ್ನು ನಾನು ಕಂಡದ್ದು ಅದೇ ಮೊದಲು.

ಆ ದಿನದಿಂದ ಬೆಂಚಿನ ಮೇಲೆ ನ್ಯಾಯಪೀಠ ಅದಲುಬದಲಾಯಿತು. ಆ ಕಾಲ ಹಾಗಿತ್ತು, ಚೆಂಡು ನೋಡುವ ಕಣ್ಣು ನನ್ನದೇ ಅಲ್ಲವೇ ಎಂದು ನಾನು ವಾದಿಸಿದೆ. "ಹಾಲು ವಾಪಸ್ಸು ಕಳ್ಸೋಣ ಸ್ವಾಮೀ, ಡೈರಿ ರೂಲ್ಸು" ಎಂದು ಮಧುಕರ ಕಾಫಿ ಹೀರಿದ. ನಾನು ಏನನ್ನೂ ಚುಚ್ಚಿಸಿಕೊಂಡಿಲ್ಲ, ಚುಚ್ಚಿಸಿಕೊಂಡದ್ದು ಯಂತ್ರ ಎಂದೆ. "ಆ ಅಮೆರಿಕದವ್ರೂ ಹಿಂಗೇ ಅಂದಿದ್ರು, ಡಾಕ್ಟ್ರು ಕೊಟ್ರು, ಏನು ಅಂತ ನಂಗೊತ್ತಿಲ್ಲ ಅಂತ" ಎಂದ. ಇಂಥ ಸ್ನೇಹಿತ ತಮ್ಮ ಶತ್ರುವಿಗೂ ಬೇಡ.

ನನ್ನದು ಹಾಳಾಗಲಿ, ಮಗುವಿನ ಗುರುತನ್ನಾದರೂ ಅಳಿಸಿ ಎಂದು ನಾನು ಮೊರಿತಾ ಸಾನ್ ಅವರನ್ನು ಬೇಡುತ್ತಿದ್ದುದು ಸ್ಫೂರ್ತಿಯ ಕಿವಿಗೆ ಬಿತ್ತು. "ಅಪ್ಪಾ, ನಂದು ಮಾತ್ರ ಯಾಕೆ ಸ್ಪೆಷಲ್? ಸೇಮ್ ಮೆಷೀನ್ ಅಲ್ವಾ?" ಎಂದಳು. ಮನೆಗೆ ಬಂದು ಕದ ಹಾಕಿಕೊಂಡು ಅತ್ತಳು ಎಂದು ಇಂದಿರಾ ಹೇಳಿದಳು. ಮಾರನೆಯ ದಿನ ಊಟಕ್ಕೆ ಕೂತಾಗ, ಬೋರ್ಡು ಒರೆಸುವುದರೊಳಗೆ ಗುರುತಿಲ್ಲದ ಒಂದು ಹೋಮ್‌ರನ್ ಹೊಡೆದೇ ಹೊಡೆಯುತ್ತೇನೆ ಎಂದು ಅನ್ನ ಕಲೆಸುತ್ತ ಪ್ರಕಟಿಸಿದಳು. ಅಂದಿನಿಂದ ಶಾಲೆ ಬಿಟ್ಟೊಡನೆ ತಮ್ಮೆದುರು ಬಂದು ನಿಂತಳು. ಬಿಗಿದ ಸ್ಪ್ರಿಂಗಿನ ಹೊಸ ಹುರುಪಿನಲ್ಲಿದ್ದ ತಾವು ಅವಳ ಬ್ಯಾಟನ್ನು ತಿರುಗಿಯೂ ನೋಡಲಿಲ್ಲ. ಅವಳ ಅಂಗೈಯಲ್ಲಿ ಬೊಬ್ಬೆಗಳೆದ್ದವು.

ನಿನ್ನೆ ತಿಂಗಳ ಕೊನೆಯ ದಿನ, ಶನಿವಾರ. ನಾವೆಲ್ಲ ಬಲೆಯ ಹಿಂದೆ ನಿಂತಿದ್ದೆವು. ಕೊನೆಯ ಚೆಂಡಿಗೆ ಅವಳು ಬೀಸಿದ ಬ್ಯಾಟು ಟಣ್ಣೆಂದಿತು. ಚೆಂಡು ಮೇಲೇರಿ ದುಂಡು ಹಲಗೆಯ ಅಂಚನ್ನು ಸವರಿತು. ಹಲಗೆ ಅಲುಗಿದ್ದನ್ನು ನಾನು ನೋಡಿದೆ, ಮಧುಕರ ನೋಡಿದ, ಮೊರಿತಾ ಸಾನ್ ಕೂಡ ನೋಡಿದರು. ತುತ್ತೂರಿ ಮಾತ್ರ ಊದಲಿಲ್ಲ. ನಾವಿಬ್ಬರು ಗಂಡಸರು ಜೀವನದಲ್ಲಿ ಮೊದಲ ಬಾರಿಗೆ ಒಂದೇ ಅಭಿಪ್ರಾಯದವರಾಗಿ "ಹೋಮ್‌ರನ್! ಹೋಮ್‌ರನ್!" ಎಂದು ಕಿರುಚಿ ಪಕ್ಕದ ಗೂಡಿನವರನ್ನು ಹೆದರಿಸಿದೆವು. ನಿಯಮದ ಮೂರ್ತಿಯಾದ ಮೊರಿತಾ ಸಾನ್ ಕೂಡ, ಇರಲಿ ಎನ್ನುವ ಹಾಗೆ ನಗುತ್ತ ಪೆನ್ನಿನ ಮುಚ್ಚಳ ತೆಗೆದರು.

ಸ್ಫೂರ್ತಿ ಹೆಲ್ಮೆಟ್ಟು ಸರಿಮಾಡಿಕೊಂಡು ನಮ್ಮ ಕಡೆ ತಿರುಗಿದಳು. "ಅಪ್ಪಾ, ಅಂಕಲ್, ಸ್ಟಾಪ್. ಮ್ಯೂಸಿಕ್ ಬರ್ಲಿಲ್ಲ. ಹೋಮ್‌ರನ್ ಜನಾಯ್" ಎಂದಳು. ಹೋಮ್‌ರನ್ ಅಲ್ಲ, ಅಷ್ಟೇ. ಮೊರಿತಾ ಸಾನ್ ಮುಚ್ಚಳ ಹಾಕಿ, ಬೋರ್ಡು ಒರೆಸಿ, ನನಗೆ ಬಗ್ಗಿದ್ದಕ್ಕಿಂತಲೂ ಆಳವಾಗಿ ಅವಳಿಗೆ ಬಗ್ಗಿದರು. ಅವಳು ಆಗಲೇ ಇನ್ನೊಂದು ನಾಣ್ಯ ಹಾಕಿದ್ದಳು.

ಆದ್ದರಿಂದ, ಮಾನ್ಯರೇ, ನನ್ನ ಬಿನ್ನಹ ಇಷ್ಟು. ಹೊಡೆತಗಾರನ ಒಪ್ಪಿಗೆಯಿಲ್ಲದೆ ಇನ್ನು ಮುಂದೆ ಯಾರಿಗೂ ದಯೆ ತೋರಕೂಡದು. ಸ್ಪ್ರಿಂಗು ಸಡಿಲವಾಗುವ ಲಕ್ಷಣ ಕಂಡೊಡನೆ ತಾವೇ ಕೆಮ್ಮಿ ತಿಳಿಸಬೇಕು. ನನಗಾದರೋ ನಲವತ್ತು ದಾಟಿದೆ, ಸೊಂಟ ಬೇರೆ ಹಿಡಿದಿದೆ. ವರ್ಷಕ್ಕೊಮ್ಮೆ, ಮಧುಕರ ಊರಲ್ಲಿಲ್ಲದಾಗ, ಹಳೆಯ ಸಲುಗೆಯಿಂದ ಒಂದು ಚೆಂಡನ್ನು ತಾವು ಮೆಲ್ಲಗೆ ಎಸೆದರೆ ಅದರ ಪಕ್ಕ ನಾನೇ ಗುರುತು ಹಾಕಿಕೊಳ್ಳುತ್ತೇನೆ. ಆದರೆ ನನ್ನ ಮಗಳು ನಾಳೆ ಶಾಲೆ ಬಿಟ್ಟು ಬರುತ್ತಾಳೆ. ಅವಳಿಗೆ ಫಲಕದಲ್ಲಿ ಬರೆದಷ್ಟೇ ವೇಗದಲ್ಲಿ ಎಸೆಯಿರಿ. ಒಂದು ಕೂದಲೆಳೆಯೂ ಕಡಿಮೆ ಬೇಡ, ಅವಳಿಗೆ ಗೊತ್ತಾಗುತ್ತದೆ.

ಬಲೆಯ ಹಿಂದೆಯೇ ನಿಲ್ಲಲು ಕಲಿಯುತ್ತಿರುವ,
ತಮ್ಮ ವಿಶ್ವಾಸಿ,
ರಮಾಕಾಂತ

ತಾ.ಕ.: ಒಂದನೇ ಗೂಡಿನ ತಮ್ಮ ಸಹೋದ್ಯೋಗಿಯೂ ಈಚೆಗೆ ಬಹಳ ಮೃದು ಸ್ವಭಾವದವರಾಗಿದ್ದಾರೆಂದು ಸುದ್ದಿ. ಮಧುಕರ ಇವತ್ತಿನಿಂದ ಅಲ್ಲೇ ಆಡತೊಡಗಿದ್ದಾನೆ. ಮೊರಿತಾ ಸಾನ್ ಅವರಿಗೆ ನಾನೇನೂ ಹೇಳಿಲ್ಲ. ಅವನ ಹೆಸರು ಬೋರ್ಡಿನಲ್ಲಿ ಚೆನ್ನಾಗಿ ತುಂಬಿಕೊಳ್ಳಲಿ ಎಂದು ಕಾಯುತ್ತಿದ್ದೇನೆ.